36ಕ್ಕೆ ಬಿ.ಆರ್ಕ್ (ಆರ್ಕಿಟೆಕ್ಚರ್ ಡಿಗ್ರಿ) ಸೇರಬಹುದಾ?

ಪ್ರಶ್ನೆ (ಕೆಂಪುಕಲ್ಲು, ಸುರತ್ಕಲ್)
ವಯಸ್ಸು 36, ಸಿವಿಲ್ ಡಿಪ್ಲೊಮಾ ಉಂಟು. ನೇರ ಎರಡನೇ ವರ್ಷಕ್ಕೆ ಸೇರಲಿಕ್ಕೆ ಆಗ್ತದಾ? ಕೆಲಸ ಬಿಡದೆ ಮುಗಿಸಬಹುದಾ?

ಉತ್ತರ (ಮಾಡಿನ ಹಂಚು)
ನೇರ ಎರಡನೇ ವರ್ಷಕ್ಕೆ ಆಗುವುದಿಲ್ಲ ಮಾರಾಯ್ರೆ. ಇಂಜಿನಿಯರಿಂಗ್‌ನ ಹಾಗೆ ಇದಕ್ಕೆ ಲ್ಯಾಟರಲ್ ಎಂಟ್ರಿ ಇಲ್ಲ. 5 ವರ್ಷ, 10 ಸೆಮಿಸ್ಟರ್ ಪೂರ್ತಿ ಕೂರಬೇಕು. 3 ವರ್ಷದ ಡಿಪ್ಲೊಮಾದಲ್ಲಿ ಗಣಿತ ಇದ್ದರೆ ಪ್ರವೇಶ ಪರೀಕ್ಷೆ ನಾಟಾ ಬರೆಯಬಹುದು, ವಯಸ್ಸು ಅಡ್ಡ ಬರುವುದಿಲ್ಲ. ಅದರ 200 ಅಂಕದಲ್ಲಿ 80 ಕೈಯಿಂದ ಬಿಡಿಸುವ ಚಿತ್ರಕ್ಕೆ. ಸೈಟಿನವರು ಎಡವುವುದು ಅಲ್ಲೇ: ಸ್ಕೇಲ್ ಹಿಡಿದು ಪ್ಲಾನ್ ಎಳೆದ ಕೈಗೆ ಪರ್ಸ್‌ಪೆಕ್ಟಿವ್ (ದೂರ-ಹತ್ತಿರ ಕಣ್ಣಿಗೆ ಕಂಡಂತೆ ಬಿಡಿಸುವುದು) ಬೇಗ ಒಲಿಯುವುದಿಲ್ಲ. 2ಬಿ ಪೆನ್ಸಿಲ್ ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ದಿನಕ್ಕೊಂದು ಸ್ಕೆಚ್ ಮಾಡಿ, ಸ್ಕೇಲ್ ಮನೆಯಲ್ಲೇ ಇರಲಿ.

ಉತ್ತರ (ಮಳೆಗಾಲ, ಮಣಿಪಾಲ)
ಕೆಲಸದ ಜೊತೆ ಕಷ್ಟವೇ. ಸ್ಟುಡಿಯೋ (ಡಿಸೈನ್ ಕ್ಲಾಸು) ಹಗಲಿಗೆ, ಕಟ್ಟಡದ ಮಾಡೆಲ್ ಮಾಡುವುದು ರಾತ್ರಿಗೆ. ಮಾಡೆಲ್ ಎಂದಾಗ ನೆನಪಾಯ್ತು: ಜುಲೈಯ ತೇವಕ್ಕೆ ದಪ್ಪ ರಟ್ಟಾದ ಮೌಂಟ್‌ಬೋರ್ಡ್ ಬಾಗುತ್ತದೆ. ಒಂದೇ ಬದಿಗೆ ಬಿಳಿ ಫೆವಿಕಾಲ್ ಬಳಿದರೆ ಬೆಳಿಗ್ಗೆ ಹಪ್ಪಳ. ಅಂಚಿಗೆ ಮಾತ್ರ ತೆಳ್ಳಗೆ ಹಚ್ಚಿ, ಒಣಗುವವರೆಗೆ ಮೇಲೆ ಭಾರ ಇಡಿ. ತಳಕ್ಕೆ 5 ಮಿ.ಮೀ. ದಪ್ಪದ ಫೋಮ್ ಹಲಗೆ, ಅಂದರೆ ಸನ್‌ಬೋರ್ಡ್ ಇರಲಿ.

ಉತ್ತರ (ಪಡುಬಿದ್ರಿ)
ಮೊದಲು ಡಿಗ್ರಿ ಯಾಕೆ ಬೇಕು ನೋಡಿಕೊಳ್ಳಿ. 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಕಾಯುವುದು ‘ಆರ್ಕಿಟೆಕ್ಟ್’ ಎಂಬ ಹೆಸರನ್ನು. ಬೋರ್ಡಿನಲ್ಲಿ ಅದನ್ನು ಬರೆಸಬೇಕಾದರೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನ ನೋಂದಣಿ ಬೇಕೇ ಬೇಕು, ಅದಕ್ಕೆ ಈ ಡಿಗ್ರಿ.