ಬೈಪಾಸ್ ದಾಟೂ ದಾರಿ: ಭಾನುವಾರದ ಸಭೆಗೆ ಮುಂಚೆ ಎಲ್ಲಾರೂ ಓದ್ರಿ

ಸಂಘದ ಕಾರ್ಯದರ್ಶಿ:
ಎಲ್ಲಾರಿಗೂ ನಮಸ್ಕಾರ. ನಿನ್ನೆ ಸಾಲಿ ಬಿಟ್ಟ ಹೊತ್ತಿನ್ಯಾಗ ನಮ್ಮ ಓಣಿ ಹುಡುಗಿ ಒಬ್ಬಾಕಿ ಹುಬ್ಬಳ್ಳಿ–ಧಾರವಾಡ ಬೈಪಾಸ್ ದಾಟುವಾಗ ಟಿಪ್ಪರ್ ಬಡಿಯೂದು ಸ್ವಲ್ಪದರಾಗ ತಪ್ಪೇತಿ. ಸೈಕಲ್ ಹಾಳಾತು, ಆಕಿಗೆ ಏನೂ ಆಗಿಲ್ಲ. ಆರು ಪಥ ಆದಂಗ ಗಾಡಿ ಜೋರ್ ಆಗ್ಯಾವ, ನಮ್ಮ ಕಡೆ ಸರ್ವಿಸ್ ರಸ್ತಾ ಅರ್ಧಕ್ಕ ನಿಂತೇತಿ, ಅಂಡರ್‌ಪಾಸ್ ದೂರ. ಏನು ಕೇಳಬೇಕು, ಯಾರನ್ನ ಕೇಳಬೇಕು, ಇಲ್ಲೇ ಮಾತಾಡೂಣು.

2ನೇ ಕ್ರಾಸ್, ಕಿರಾಣಿ ಅಂಗಡಿ:
ಒಂದು ದಿನ ರಸ್ತಾ ತಡದು ಕುಂದ್ರೂಣ್ರಿ. ಆವಾಗ ಬರ್ತಾರ ಸಾಹೇಬ್ರು.

3ನೇ ಕ್ರಾಸ್, ನಿವೃತ್ತ ಮಾಸ್ತರ:
ತಮ್ಮಾ, ನಿನ್ನ ಸಿಟ್ಟು ಖರೇನ. ಆದ್ರ ಈ ರಸ್ತಾದ ಮೇಲೆ ಜನ ಬೀದಿಗೆ ಬಂದಿದ್ದು ಇದೇನೂ ಮೊದಲಲ್ಲ. ಅರ್ಜಿ ಬರಿಯೂ ಮೊದಲು ಇದರ ಕಥಿ ಗೊತ್ತಿರಬೇಕು ಅಂತ ಸ್ವಲ್ಪ ಉದ್ದ ಬರೀತೇನಿ.

ಮೊದಲು ಪುಣೆ–ಬೆಂಗಳೂರು ಹೆದ್ದಾರಿ ಊರೊಳಗ ಇತ್ತು. ಗಬ್ಬೂರಿಂದ ಬಂಕಾಪುರ ಚೌಕ, ಚೆನ್ನಮ್ಮ ಸರ್ಕಲ್, ಉಣಕಲ್, ನವನಗರ, ಸತ್ತೂರು, ಧಾರವಾಡದ ಜುಬಿಲಿ ಸರ್ಕಲ್ ದಾಟಿ ನರೇಂದ್ರಕ್ಕ. ಈಗ ಎರಡೂ ಊರಿನ ನಡುವ ಚಿಗರಿ ಬಸ್ ಓಡೂ ಪಿ.ಬಿ. ರೋಡ್ ಅದ. ಮುಂಬೈ ಕಡೆ ಹೋಗೂ ಲಾರಿ ಎಲ್ಲಾ ಸಾಲಿ ಮಕ್ಕಳ ನಡುವನ ಹಾಯ್ತಿದ್ದವು. ಅದಕ್ಕ 1990ರ ದಶಕದ ಕೊನೀಗೆ ಗಬ್ಬೂರಿಂದ ನರೇಂದ್ರದ ತನಕ, ಎರಡೂ ಊರಿನ ಹೊರಗ, ರಾಯನಾಳ, ತಾರಿಹಾಳ, ಇಟಿಗಟ್ಟಿ ಬಾಜೂಕ ಸುಮಾರು 30 ಕಿ.ಮೀ. ಬೈಪಾಸ್ ಎಳೆದ್ರು. ಖಾಸಗಿಯವರು ಕಟ್ಟಿ, 25 ವರ್ಷ ಟೋಲ್ ವಸೂಲಿ ಮಾಡಿ, ಆಮೇಲೆ ಸರ್ಕಾರಕ್ಕ ಬಿಟ್ಟು ಕೊಡೂ ಕರಾರು. ಆವಾಗ ಎರಡು ಪಥ ಸಾಕಾಗಿತ್ತು.

ತೊಡಕು ಆಗಿದ್ದು ಇಲ್ಲೇ. ಮುಂದ ದಿಲ್ಲಿ, ಮುಂಬೈ, ಚೆನ್ನೈ, ಕೋಲ್ಕತ್ತ ಜೋಡಿಸೂ ಸುವರ್ಣ ಚತುಷ್ಪಥ ಯೋಜನೆ ಬಂತು, ಬೆಳಗಾವಿ ಕಡೆಯೂ ಹಾವೇರಿ ಕಡೆಯೂ ನಾಲ್ಕು ಪಥ ಆತು. ನಡುವಿನ ಈ ತುಂಡು ಮಾತ್ರ ಕರಾರಿನ್ಯಾಗ ಸಿಕ್ಕೊಂಡು ಎರಡ ಪಥದಾಗ ಉಳೀತು. ನಾಲ್ಕು ಪಥದ ಮ್ಯಾಲೆ ಗಂಟೆಗಟ್ಟಲೆ ಬೀಸಾಗಿ ಬಂದ ಡ್ರೈವರ್ ಒಮ್ಮೆಲೇ ಡಿವೈಡರ್ ಇಲ್ಲದ ರಸ್ತಾಕ್ಕ ಇಳೀತಿದ್ದ, ಮುಂದಿನ ಟ್ರ್ಯಾಕ್ಟರ್ ಹಿಂದ ಹಾಕಾಕ ಹೋಗಿ ಎದುರಿನ ಗಾಡಿಗೆ ಬಡೀತಿದ್ದ. 2021ರ ಜನವರಿ 15, ಸಂಕ್ರಾಂತಿ ಮರುದಿನ, ಗೋವಾಕ್ಕ ಹೊಂಟಿದ್ದ ದಾವಣಗೆರಿ ಗೆಳತ್ಯಾರ ಟೆಂಪೊ ಇಟಿಗಟ್ಟಿ ಹತ್ರ ಟಿಪ್ಪರ್‌ಗೆ ಬಡದು ಹತ್ತಕ್ಕೂ ಹೆಚ್ಚು ಜೀವ ಹೋದವು. ಆ ಮುಂಜಾನೆ ನಮ್ಮ ಜಿಲ್ಲಾ ಮರೆಯೂದಿಲ್ಲ. ಆ ಹೆಣ್ಣುಮಕ್ಕಳ ಮನಿಯವರು ಇಲ್ಲೀತನಕ ಬಂದು, ಸತ್ತ ಜಾಗದಾಗ ನಿಂತು, ರಸ್ತಾ ಅಗಲ ಮಾಡ್ರಿ ಅಂತ ಕೇಳಿದ್ರು. 2022ರಾಗ ಆರು ಪಥಕ್ಕ ಶಂಕುಸ್ಥಾಪನೆ ಆತು. ಅದೇ ವರ್ಷ ಮೇ ತಿಂಗಳದಾಗ ತಾರಿಹಾಳದ ಹತ್ರ ಬಸ್ಸು ಲಾರಿ ಮುಖಾಮುಖಿ ಆಗಿ ಮತ್ತ ಹಲವು ಮಂದಿ ಹೋದ್ರು.

ಹಂಗಾಗಿ ಆರು ಪಥ ಬ್ಯಾಡ ಅಂತ ನಾವು ಯಾರೂ ಅನಬಾರದು. ಅದು ಜೀವ ಕೊಟ್ಟು ಪಡದ ರಸ್ತಾ. ಉದ್ದಕ್ಕ ಹೋಗೋರ ಸಲುವಾಗಿ ಅಗಲ ಆತು, ಅಡ್ಡ ದಾಟೋರಿಗೂ ದಾರಿ ಬೇಕು. ನಮ್ಮ ಅರ್ಜಿ ಇಷ್ಟ ಹೇಳಲಿ.

1ನೇ ಕ್ರಾಸ್, ಮೈಸೂರಿನವರು:
ಮಾಸ್ತರೇ, ಒಂದು ಅನುಮಾನ. ಬೈಪಾಸ್ ಮೊದಲು ಬಂತು, ನಮ್ಮ ಬಡಾವಣೆ ಆಮೇಲೆ. ಹೆದ್ದಾರಿ ಪಕ್ಕ ಮನೆ ಕಟ್ಟಿ ಈಗ ದಾರಿ ಕೇಳ್ತೀರಾ ಅಂದ್ರೆ ಏನು ಹೇಳೋದು? ಹೆದ್ದಾರಿಗೆ ಎಲ್ಲಿ ಬೇಕಾದ್ರೂ ಸಂಪರ್ಕ ಮಾಡ್ಕೊಳ್ಳೋಕೆ ಆಗಲ್ಲ, 2002ರ ರಾಷ್ಟ್ರೀಯ ಹೆದ್ದಾರಿ ನಿಯಂತ್ರಣ ಕಾಯ್ದೆ ಪ್ರಕಾರ ಅನುಮತಿ ಬೇಕು.

ನಿವೃತ್ತ ಮಾಸ್ತರ:
ಕೇಳಿದ್ದು ಚಲೋ ಆತು, ಹೆದ್ದಾರಿ ಕಚೇರ್ಯಾಗ ಇದನ್ನ ಕೇಳ್ತಾರ. ಬಡಾವಣೆ ಹೊಸದು, ದಾರಿ ಹಳೇದು. ಬೈಪಾಸ್ ಬಂದಿದ್ದು ರೈತರ ಹೊಲದ ನಡುವ. ಮನಿ ಈ ಕಡೆ, ಹೊಲ ಆ ಕಡೆ ಅಂತ ಎಷ್ಟೋ ಮಂದಿದು ಆತು. ಚಕ್ಕಡಿ ದಾರಿ ಹಳ್ಳಿ ನಕಾಶೆಯೊಳಗ ಐತಿ. ಭೂ ದಾಖಲೆ ಕಚೇರಿಯಿಂದ ದೃಢೀಕೃತ ಪ್ರತಿ ತಗೊಂಡು ಅರ್ಜಿಗೆ ಹಚ್ಚೂಣು. ನಗರಾಭಿವೃದ್ಧಿ ಪ್ರಾಧಿಕಾರ ಮಂಜೂರು ಮಾಡಿದ ಲೇಔಟ್ ನಕ್ಷೆಯೂ ಇರಲಿ. ನಾವು ಹೆದ್ದಾರಿಗೆ ಹತ್ತೂ ಸಂಪರ್ಕ ಕೇಳಾಕತ್ತಿಲ್ಲ, ಕೆಳಗಿಂದ ದಾಟೂ ದಾರಿ ಕೇಳಾಕತ್ತೇವಿ.

4ನೇ ಕ್ರಾಸ್, ಸಿವಿಲ್ ಎಂಜಿನಿಯರ್:
ಕೆಲಸಕ್ಕೆ ಬರೋ ಮಾತು ಒಂದು. ಹೆದ್ದಾರಿ ಸಚಿವಾಲಯದ ಲೆಕ್ಕದಲ್ಲಿ ಸುಮಾರು 500 ಮೀಟರ್ ಒಳಗೆ 3 ವರ್ಷದಲ್ಲಿ ಸಾವು ಅಥವಾ ಗಂಭೀರ ಗಾಯದ 5 ಅಪಘಾತ ಆಗಿದ್ರೆ, ಇಲ್ಲವೇ 10 ಸಾವು ಆಗಿದ್ರೆ ಅದು ಬ್ಲ್ಯಾಕ್ ಸ್ಪಾಟ್. ನಮ್ಮ ಕ್ರಾಸ್ ಅದರೊಳಗೆ ಬರುತ್ತಾ ಅಂತ ಠಾಣೆಯ ದಾಖಲೆಯಿಂದಲೇ ತೋರಿಸಬೇಕು. ಮಾಹಿತಿ ಹಕ್ಕಿನಲ್ಲಿ ಕೇಳೋಣ, 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ಅಷ್ಟರವರೆಗೆ ಅರ್ಜಿ ನಿಲ್ಲಿಸೋದು ಬೇಡ, ಎರಡೂ ಒಟ್ಟಿಗೆ ಹೋಗಲಿ. ಜತೆಗೆ ಮಂಜೂರಾದ ನಕ್ಷೆಯಲ್ಲಿ ನಮ್ಮ ಜಾಗದಲ್ಲಿ ಏನಿದೆ ಅಂತಲೂ ಕೇಳಬೇಕು. ನಕ್ಷೆಯಲ್ಲಿ ಇದ್ದು ಕಟ್ಟಿಲ್ಲ ಅಂದ್ರೆ ಒಂದು ದಾರಿ, ನಕ್ಷೆಯಲ್ಲೇ ಇಲ್ಲ ಅಂದ್ರೆ ಇನ್ನೊಂದು.

2ನೇ ಕ್ರಾಸ್, ಕಿರಾಣಿ ಅಂಗಡಿ:
ಮ್ಯಾಲೆ ಒಂದು ಫುಟ್ ಬ್ರಿಜ್ ಹಾಕಿಸಿದ್ರ ಲಗೂ ಮುಗೀತದಲ್ರಿ ಎಂಜಿನಿಯರ್ ಸಾಹೇಬ್ರ?

3ನೇ ಕ್ರಾಸ್, ಅಂಗನವಾಡಿ ಟೀಚರ್:
ಬ್ಯಾಡ ಅಣ್ಣಾರ. ನಮ್ಮತ್ತಿ ಮೊಣಕಾಲು ಹಿಡಕೊಂಡು ಅಷ್ಟು ಮೆಟ್ಟಲ ಹತ್ತೂದಿಲ್ಲ. ಹುಲ್ಲಿನ ಹೊರಿ ಹೊತ್ತ ಹೆಣ್ಣಮಕ್ಕಳು ಹತ್ತೂದಿಲ್ಲ. ಎಮ್ಮಿ ಹತ್ತೂದಿಲ್ಲ. ಎಲ್ಲಾರೂ ಮತ್ತ ಕೆಳಗ ಡಿವೈಡರ್ ಜಿಗದ ಹೋಗ್ತಾರ. ಅಂಡರ್‌ಪಾಸನ ಕೇಳ್ರಿ. ಆದ್ರ ಅದರಾಗ ಲೈಟ್ ಇರಬೇಕು, ಮಳಿ ನೀರು ನಿಲ್ಲಬಾರದು. ಕತ್ತಲಿದ್ರ ನಾನಂತೂ ಮಗಳನ್ನ ಕಳಸೂದಿಲ್ಲ.

4ನೇ ಕ್ರಾಸ್, ಸಿವಿಲ್ ಎಂಜಿನಿಯರ್:
ಅಕ್ಕಾವ್ರು ಹೇಳಿದ್ದೇ ಸರಿ, ಅವರ ಮಾತನ್ನ ಹಾಗೇ ಅರ್ಜಿಗೆ ಹಾಕೋಣ. ಲಘು ವಾಹನದ ಅಂಡರ್‌ಪಾಸ್‌ಗೆ 4 ಮೀಟರ್ ಎತ್ತರ, ಟ್ರ್ಯಾಕ್ಟರ್, ಆಟೊ, ಸಾಲಿ ವ್ಯಾನಿಗೆ ಸಾಕು. ಲಾರಿ, ಬಸ್ಸಿನ 5.5 ಮೀಟರಿಂದು ಕೇಳಿದ್ರೆ ಖರ್ಚು, ಜಾಗ ಎರಡೂ ಹೆಚ್ಚು, ಬೇಗ ಇಲ್ಲ ಅಂತಾರೆ. ಕಟ್ಟೋಕೆ ಟೈಮ್ ಹಿಡಿಯುತ್ತೆ. ಅಲ್ಲಿಯವರೆಗೆ ಸಾಲಿ ಹೊತ್ತಿಗೆ ಟ್ರಾಫಿಕ್ ಸಿಬ್ಬಂದಿ, ಗಾಡಿ ವೇಗ ತಗ್ಗಿಸೋ ರಂಬಲ್ ಪಟ್ಟಿ, ಹೈ-ಮಾಸ್ಟ್ ದೀಪ ಬೇಕು. ಸರ್ವಿಸ್ ರಸ್ತೆ ಮುಂದಿನ ಅಂಡರ್‌ಪಾಸ್‌ವರೆಗೆ ಪೂರ್ತಿ ಆಗಬೇಕು, ಅದಿಲ್ಲದೆ ನಮ್ಮ ಬೈಕಿನವರು ರಾಂಗ್ ಸೈಡ್ ಬರೋದು ನಿಲ್ಲಲ್ಲ.

ಸಂಘದ ಕಾರ್ಯದರ್ಶಿ:
ಹಂಗಾದ್ರ ಅರ್ಜಿ ಹೆದ್ದಾರಿ ಪ್ರಾಧಿಕಾರದ ಧಾರವಾಡ ಯೋಜನಾ ಕಚೇರಿಗೆ. ಪ್ರತಿ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಅವರ ಅಧ್ಯಕ್ಷತೆಯೊಳಗ ಐತಿ. ಇನ್ನೊಂದು ಪ್ರತಿ ಸಂಚಾರ ಪೊಲೀಸರಿಗೆ. ಅಪಘಾತ ಆದ್ರ, ಗಾಡಿ ಕೆಟ್ಟು ನಿಂತ್ರ 1033ಕ್ಕ ಫೋನ್ ಮಾಡ್ರಿ, ಹೆದ್ದಾರಿ ಸಹಾಯವಾಣಿ ಅದು. ಆಚೆ ಹಳ್ಳಿಯವರನ್ನೂ ಸಭೆಗೆ ಕರಿಯೂಣು, ಹೊಲದ ದಾರಿ ಅವರದು, ಸಹಿ ಅವರವೂ ಬೇಕು.

2ನೇ ಕ್ರಾಸ್, ಕಿರಾಣಿ ಅಂಗಡಿ:
ಹಳ್ಳಿ ಕಡೆ ನಾ ಹೋಗಿ ಬರ್ತೇನಿ. ಅರ್ಧ ಮಂದಿ ನಮ್ಮ ಅಂಗಡಿ ಗಿರಾಕಿನ ಅದಾರ.

3ನೇ ಕ್ರಾಸ್, ಅಂಗನವಾಡಿ ಟೀಚರ್:
ಮುಂಜಾನೆ ಮತ್ತು ಸಂಜೀಕೆ ಎಷ್ಟು ಮಕ್ಕಳು ದಾಟ್ತಾರ ಅಂತ ನಾಲ್ಕು ದಿನ ನಿಂತು ಬರಕೋತೇನಿ. ಯಾರರೇ ಒಬ್ಬರು ಜೋಡಿ ಬರ್ರಿ.

4ನೇ ಕ್ರಾಸ್, ಸಿವಿಲ್ ಎಂಜಿನಿಯರ್:
ನಾನು ಬರ್ತೀನಿ ಅಕ್ಕಾವ್ರೆ. ಎಷ್ಟು ಗಂಟೆಗೆ ಅಂತ ಹೇಳಿ.