ಜರ್ಮನ್ ಭಾಷೆಯ ‘ಗೆಕ್’: ಷೋಕಿಲಾಲನೋ, ವಿದೂಷಕನೋ?

ಪ್ರಶ್ನೆ: ಉಡುಗೆತೊಡುಗೆಯ ಡೌಲಿನಲ್ಲೇ ಮೈಮರೆಯುವ ಗಂಡಸನ್ನು ಜರ್ಮನ್ನರು ‘ಗೆಕ್’ ಎನ್ನುತ್ತಾರೆ, ಆದರೆ ಕೋಲ್ನ್ ನಗರದ ಕಾರ್ನಿವಲ್‌ನಲ್ಲಿ ಜನರು ತಮ್ಮನ್ನು ತಾವೇ ಅಭಿಮಾನದಿಂದ ‘ಯೆಕ್’ ಎಂದು ಕರೆದುಕೊಳ್ಳುತ್ತಾರೆ. ಇವೆರಡೂ ಒಂದೇ ಪದವೇ?

ಉತ್ತರ: ಹೌದು, ಒಂದೇ. ಮಧ್ಯಯುಗದ ಉತ್ತರ ಜರ್ಮನಿಯ ನುಡಿಯಲ್ಲಿ ‘ಗೆಕ್’ ಎಂದರೆ ಮರುಳ, ಆಸ್ಥಾನದ ವಿದೂಷಕನಿಗೂ ಸಲ್ಲುತ್ತಿದ್ದ ಮಾತು. ಕೋಲ್ನ್ ಸೇರಿದ ರೈನ್ ನದಿಯ ಸೀಮೆಯವರು ಆ ಹಳೆಯ ಅರ್ಥವನ್ನು ಅಕ್ಕರೆಯಿಂದ ಉಳಿಸಿಕೊಂಡರೆ, ಗ್ರಾಂಥಿಕ ಜರ್ಮನ್‌ನಲ್ಲಿ ಅದು ಸೋಗುಗಾರನತ್ತ ವಾಲಿತು. ಪದದ ಮೊದಲ ‘ಗ’ಕಾರ ‘ಯ’ಕಾರವಾಗುವುದು ಕೋಲ್ನ್ ನುಡಿಯ ಸಹಜ ಗುಣ, ಒಳ್ಳೆಯದು ಎನ್ನುವ ‘ಗೂಟ್’ ಕೂಡ ಅಲ್ಲಿ ‘ಯೋಟ್’ ಆಗುತ್ತದೆ.

ಇನ್ನೊಂದು ಉತ್ತರ: ಬಳಕೆಯ ಮಾತನ್ನೂ ಸೇರಿಸಬೇಕು. ‘ಗೆಕ್’ ಇಂದು ಪುಸ್ತಕದ ಪದವೆನಿಸುತ್ತದೆ. ಆಡುಮಾತಿನಲ್ಲಿ ಸೋಗುಗಾರನಿಗೆ ‘ಲಾಕ್‌ಆಫೆ’ ಎಂಬುದೇ ಹೆಚ್ಚು ಚುಚ್ಚುತ್ತದೆ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ‘ಲಾಕ್’ ಎಂದರೆ ಮೆರುಗೆಣ್ಣೆ, ‘ಆಫೆ’ ಎಂದರೆ ಮಂಗ.

ಪ್ರಶ್ನೆ ಕೇಳಿದವರು: ‘ಯೋಟ್’ ಉದಾಹರಣೆಯಿಂದ ಸಂದೇಹ ಪೂರ್ತಿ ಪರಿಹಾರವಾಯಿತು, ವಂದನೆಗಳು.