ತಾಯಿ ಬಂದೊಡನೆ ಅಳುವ ಮಗು: ಸಿಬ್ಬಂದಿಗೆ ಏನೆಂದು ಹೇಳಲಿ?

ಪ್ರಶ್ನೆ (ಮೇಲ್ವಿಚಾರಕಿ):
ನಾನು ಶಿಶುಪಾಲನಾ ಕೇಂದ್ರವೊಂದನ್ನು ನೋಡಿಕೊಳ್ಳುತ್ತೇನೆ. ಎರಡೂವರೆ ವರ್ಷದ ಹುಡುಗನೊಬ್ಬ ನಮ್ಮಲ್ಲಿ ದಿನವಿಡೀ ತಾನೇ ಉಣ್ಣುತ್ತಾನೆ, ತಾನೇ ಚಪ್ಪಲಿ ಹಾಕಿಕೊಳ್ಳುತ್ತಾನೆ. ಸಂಜೆ ತಾಯಿ ಬಾಗಿಲಲ್ಲಿ ಕಾಣಿಸಿದೊಡನೆ ಹಾಕಿಕೊಂಡ ಚಪ್ಪಲಿಯನ್ನೇ ಕಿತ್ತೆಸೆದು ನೆಲಕ್ಕೆ ಬಿದ್ದು ಅಳುತ್ತಾನೆ. "ನಮ್ಮ ಹತ್ತಿರ ಜಾಣ, ಅಮ್ಮ ಬಂದರೆ ನಾಟಕ" ಎಂದು ಸಹೋದ್ಯೋಗಿಗಳು ತಾಯಿಗೆ ಕೇಳಿಸುವಂತೆಯೇ ಹೇಳುತ್ತಾರೆ. ಡೈರಿಯಲ್ಲಿಯೂ "ಹಠಮಾರಿ, ಮನೆಯಲ್ಲಿ ಶಿಸ್ತಿಲ್ಲ" ಎಂದು ಬರೆದಿದ್ದಾರೆ. ಇವರು ಮಕ್ಕಳನ್ನು ಪ್ರೀತಿಸುವವರೇ ಆದ್ದರಿಂದ ಗದರಿಸಲು ಮನಸ್ಸಿಲ್ಲ. ಏನು ಮಾಡಲಿ?

ಉತ್ತರ 1 (ಶಿಕ್ಷಕಿ):
ದಿನವೆಲ್ಲ ತಡೆದುಕೊಂಡಿದ್ದನ್ನು ಮಗು ತನಗೆ ಅತ್ಯಂತ ಭದ್ರವೆನಿಸಿದವರ ಮುಂದೆ ಬಿಚ್ಚಿಡುತ್ತದೆ. ಹಾಗಾಗಿ ಆ ಅಳುವಿನಲ್ಲಿ ತಾಯಿಯ ಸೋಲನ್ನು ಕಾಣುವುದು ತಪ್ಪೆಂದೇ ನನ್ನ ಅಭಿಪ್ರಾಯ. ಹಂಗೇರಿಯ ಮಕ್ಕಳ ವೈದ್ಯೆ ಎಮ್ಮಿ ಪಿಕ್ಲರ್ 1946ರಲ್ಲಿ ಬುಡಾಪೆಸ್ಟ್‌ನಲ್ಲಿ ಆರಂಭಿಸಿದ ಶಿಶುಗೃಹದಲ್ಲಿ ಹಸುಗೂಸನ್ನು ಎತ್ತಿಕೊಳ್ಳುವ ಮುನ್ನವೂ "ಈಗ ಎತ್ತಿಕೊಳ್ಳುತ್ತೇನೆ" ಎಂದು ತಿಳಿಸಿ, ಅದು ಸ್ಪಂದಿಸುವವರೆಗೆ ಕಾಯುವುದನ್ನು ಆರೈಕೆ ಮಾಡುವವರಿಗೆ ಕಲಿಸುತ್ತಿದ್ದರು. ಮಾತು ಬಾರದ ಕೂಸಿಗೇ ಅಷ್ಟು ಮರ್ಯಾದೆ ಸಲ್ಲುವುದಾದರೆ, ಎದುರಿಗೇ ನಿಂತಿರುವ ಮಗುವಿನ ಬಗ್ಗೆ ಅದು ಅಲ್ಲಿ ಇಲ್ಲವೇ ಇಲ್ಲವೆಂಬಂತೆ ಮಾತನಾಡುವುದು ಹೇಗೆ ಸರಿ?

ಉತ್ತರ 2 (ಒಬ್ಬ ತಂದೆ):
ಕರೆದುಕೊಂಡು ಹೋಗುವ ಎರಡು ನಿಮಿಷದಲ್ಲಿ ನಾನು ಕೇಳಿದ್ದು ಬಹುತೇಕ ದೂರುಗಳನ್ನೇ. ನನ್ನ ಮಗಳು ಕಿವಿಯ ತುದಿಯನ್ನು ಹಿಡಿದುಕೊಂಡರೆ ಮಾತ್ರ ನಿದ್ದೆ ಮಾಡುತ್ತಾಳೆಂದು ನನಗೆ ಗೊತ್ತಿತ್ತು, ಆದರೆ ಯಾರೂ ಕೇಳಲಿಲ್ಲ. ಮೂರು ವಾರಗಳ ನಂತರ "ಮಧ್ಯಾಹ್ನ ಮಲಗುವುದೇ ಇಲ್ಲ" ಎಂಬ ಆಕ್ಷೇಪಣೆ ಬಂತು.

ಉತ್ತರ 3 (ಆರೈಕೆ ಸಿಬ್ಬಂದಿ):
ಎಲ್ಲವನ್ನೂ ನಮ್ಮ ಮನೋಭಾವದ ತಲೆಗೆ ಕಟ್ಟಬೇಡಿ. ಪುಟ್ಟ ಮಕ್ಕಳೂ ಹಕ್ಕುಗಳುಳ್ಳವರೆಂದು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿ 2005ರಲ್ಲಿಯೇ ವಿವರವಾಗಿ ಹೇಳಿದೆ, ತರಬೇತಿಯಲ್ಲಿ ನಾವೂ ಓದಿದ್ದೇವೆ. ಆದರೆ ಸಂಜೆಯ ಹೊತ್ತಿಗೆ ಹನ್ನೆರಡು ಮಕ್ಕಳಿಗೆ ಒಬ್ಬಳೇ ನಿಂತಿರುವಾಗ ಒಂದು ಮಗುವಿನ ಅಳು ಹಠವಾಗಿಯೇ ಕಾಣುತ್ತದೆ. ಆ ಅರ್ಧ ಗಂಟೆಗೆ ಇನ್ನೊಬ್ಬರನ್ನು ಕೊಡಿ, ಆಮೇಲೆ ನಮ್ಮ ಮಾತನ್ನು ತೂಗಿ ನೋಡಿ.

ಮೇಲ್ವಿಚಾರಕಿ:
ಮೂರನೆಯ ಉತ್ತರ ನನಗೇ ತಾಗಿತು, ಏಕೆಂದರೆ ಪಾಳಿಯ ಪಟ್ಟಿಯನ್ನು ಬರೆಯುವವಳು ನಾನೇ. ನಾಳೆಯಿಂದ ಸಂಜೆ ಬಾಗಿಲ ಬಳಿ ನಾನೂ ನಿಲ್ಲುತ್ತೇನೆ. ಡೈರಿಯಲ್ಲಿ "ಹಠಮಾರಿ" ಎನ್ನುವ ಬದಲು "ತಾಯಿಯನ್ನು ಕಂಡೊಡನೆ ಚಪ್ಪಲಿ ಕಳಚಿ ಅತ್ತನು" ಎಂದಷ್ಟೇ ಬರೆಯುವಂತೆ ಕೇಳಿಕೊಂಡಿದ್ದೇನೆ.